ಡಯಟಿಷಿಯನ್ ದಪ್ಪಗಿದ್ದರೆ ಅವರ ಸಲಹೆ ನಂಬಬಹುದೇ?

ನಿಮಗೆ ಹೊಸದಾಗಿ ಸಕ್ಕರೆ ಕಾಯಿಲೆ ಪತ್ತೆಯಾಗಿದೆ ಎಂದುಕೊಳ್ಳಿ. ವೈದ್ಯರು ಮಾತ್ರೆ ಬರೆದುಕೊಟ್ಟು, ಒಮ್ಮೆ ಡಯಟಿಷಿಯನ್ ಅವರನ್ನೂ ಕಾಣಿ ಎನ್ನುತ್ತಾರೆ. ಒಳಗೆ ಹೋದರೆ ಮೇಜಿನ ಆಚೆ ಕುಳಿತವರು ನಿಮಗಿಂತ ದಪ್ಪಗಿದ್ದಾರೆ. ಅವರು ಅನ್ನದ ಅಳತೆ ವಿವರಿಸುತ್ತಿರುವಾಗ ನಿಮ್ಮ ತಲೆಯಲ್ಲಿ ಓಡುವುದು ಒಂದೇ ಮಾತು: ಇವರಿಗೇ ಆಗದ್ದು ನನಗೆ ಹೇಗೆ ಆದೀತು? ಹೊರಗೆ ಬಂದ ಮೇಲೆ ಜೊತೆಯಲ್ಲಿದ್ದವರು ಅದನ್ನೇ ಬಾಯಿಬಿಟ್ಟು ಹೇಳುತ್ತಾರೆ. 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಎಂಬ ಗಾದೆಯೂ ಬರುತ್ತದೆ. ಕೊಟ್ಟ ಚಾರ್ಟ್ ಫೈಲಿನೊಳಗೆ ಮಡಿಸಿದಂತೆಯೇ ಉಳಿಯುತ್ತದೆ.

ಈ ಅನುಮಾನ ಎಲ್ಲ ಊರಿನಲ್ಲೂ ಇದೆ. ಆದರೆ ಅಂಬರನಾಥ, ಬದಲಾಪುರ, ಕಲ್ಯಾಣ, ಡೊಂಬಿವಲಿ ಕಡೆಯ ಕುಟುಂಬಗಳಿಗೆ ಅದರ ಬೆಲೆ ಸ್ವಲ್ಪ ಹೆಚ್ಚು. ಇಲ್ಲಿಂದ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗುವುದೆಂದರೆ ಬೆಳಗಿನ ಲೋಕಲ್, ಒಂದು ದಿನದ ರಜೆ, ಕೆಲವರಿಗೆ ಒಂದು ದಿನದ ಕೂಲಿಯೇ ಹೋದಂತೆ. ಅಷ್ಟು ಕಷ್ಟಪಟ್ಟು ಪಡೆದ ಸಲಹೆಯನ್ನು ಕೊಟ್ಟವರ ಸೊಂಟದ ಅಳತೆ ನೋಡಿ ಪಕ್ಕಕ್ಕಿಟ್ಟರೆ ನಷ್ಟ ಅವರದ್ದಲ್ಲ, ನಿಮ್ಮದು. ಹಾಗೆಂದು ಪ್ರಶ್ನೆಯನ್ನೇ ಕೇಳಬಾರದು ಎಂದಲ್ಲ. ಕೇಳಿ, ಉತ್ತರವನ್ನೂ ಸರಿಯಾಗಿ ತಿಳಿದುಕೊಳ್ಳಿ.

ನೇರವಾಗಿ ಹೇಳುವುದಾದರೆ, ಆಹಾರತಜ್ಞರ ಮೈಕಟ್ಟಿನಿಂದ ಅವರ ಸಲಹೆಯ ಗುಣ ತಿಳಿಯುವುದಿಲ್ಲ. ಅದು ತಿಳಿಯುವುದು ಅವರು ನಿಮ್ಮನ್ನು ಕೇಳುವ ಪ್ರಶ್ನೆಗಳಿಂದ, ಮತ್ತು ಕೆಲವು ತಿಂಗಳ ನಂತರ ಬರುವ ನಿಮ್ಮ ರಿಪೋರ್ಟಿನಿಂದ.

ಅನುಮಾನ ಬರುವುದು ನಿಮಗೊಬ್ಬರಿಗೇ ಅಲ್ಲ

2013ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕಿ ರೆಬೆಕಾ ಪುಲ್ ಮತ್ತು ಸಂಗಡಿಗರು 358 ಮಂದಿಯನ್ನು ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ವೈದ್ಯರು ದಪ್ಪಗಿದ್ದಾರೆ ಎಂದು ತಿಳಿಸಿದಾಗ ಜನ ಅವರನ್ನು ಕಡಿಮೆ ನಂಬುತ್ತಿದ್ದರು. ಅವರ ಸಲಹೆ ಪಾಲಿಸುವುದೂ ಅನುಮಾನ ಎನ್ನುತ್ತಿದ್ದರು, ವೈದ್ಯರನ್ನೇ ಬದಲಿಸುವ ಮಾತನ್ನೂ ಆಡುತ್ತಿದ್ದರು. ಉತ್ತರಿಸಿದವರು ತಾವೇ ದಪ್ಪಗಿದ್ದರೂ ಇದರಲ್ಲಿ ವ್ಯತ್ಯಾಸ ಬರಲಿಲ್ಲ.

ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್‌ನ ಸಾರಾ ಬ್ಲೈಕ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಕಲ್ಪಿತ ವೈದ್ಯರ ಬಗ್ಗೆ ಕೇಳುವ ಬದಲು, ತೂಕ ಹೆಚ್ಚಿರುವ ಸುಮಾರು 600 ರೋಗಿಗಳನ್ನು ಅವರ ನಿಜವಾದ ವೈದ್ಯರ ಬಗ್ಗೆ ಕೇಳಿದರು. ಇಲ್ಲಿ ಫಲಿತಾಂಶ ತಿರುಗುಮುರುಗು. ಆಹಾರದ ಬಗ್ಗೆ ದಪ್ಪಗಿದ್ದ ವೈದ್ಯರು ಹೇಳಿದ್ದನ್ನು ನಂಬುತ್ತೇವೆ ಎಂದವರು ಶೇ 87, ಸಾಧಾರಣ ತೂಕದ ವೈದ್ಯರ ಮಾತನ್ನು ನಂಬುತ್ತೇವೆ ಎಂದವರು ಶೇ 77. ಎರಡು ಅಧ್ಯಯನಗಳ ರೀತಿ ಬೇರೆಯಾದ್ದರಿಂದ ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಆದರೂ ಒಂದು ಊಹೆ ಮಾಡಬಹುದು: ಅಪರಿಚಿತರನ್ನು ಅಳೆಯುವಾಗ ನಾವು ಮೈ ನೋಡುತ್ತೇವೆ. ಎದುರು ಕುಳಿತು ನಾಲ್ಕು ಸಲ ಮಾತನಾಡಿದವರ ವಿಷಯದಲ್ಲಿ, ಇವರಿಗೆ ನನ್ನ ಕಷ್ಟ ಗೊತ್ತು ಎಂಬ ಭಾವನೆ ಮೇಲುಗೈ ಪಡೆಯುತ್ತದೆ.

ದೊಡ್ಡ ಹುದ್ದೆಯಲ್ಲಿದ್ದವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2009ರಲ್ಲಿ ಅಧ್ಯಕ್ಷ ಒಬಾಮಾ ಅವರು ಡಾ. ರೆಜಿನಾ ಬೆಂಜಮಿನ್ ಅವರನ್ನು ಅಮೆರಿಕದ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದರು. ಅಲಬಾಮಾದ ಬಡ ಮೀನುಗಾರರ ಊರಿನಲ್ಲಿ ಕ್ಲಿನಿಕ್ ನಡೆಸಿ, ಚಂಡಮಾರುತಕ್ಕೆ ಅದು ಹಾಳಾದಾಗ ಮತ್ತೆ ಕಟ್ಟಿದವರು ಅವರು. ಟಿವಿ ಚರ್ಚೆಗಳಲ್ಲಿ ಮಾತ್ರ ಅವರ ತೂಕವೇ ವಿಷಯವಾಯಿತು. 2014ರಲ್ಲಿ ಬೆಲ್ಜಿಯಂನ ಆರೋಗ್ಯ ಸಚಿವೆಯಾದ ವೈದ್ಯೆ ಮ್ಯಾಗಿ ಡಿ ಬ್ಲಾಕ್ ಅವರಿಗೂ ಇದೇ ಆಯಿತು.

ನಮ್ಮಲ್ಲಿ ಇನ್ನೊಂದು ತಮಾಷೆ ಇದೆ. ಡಯಟಿಷಿಯನ್ ವೃತ್ತಿಯಲ್ಲಿ ಮಹಿಳೆಯರೇ ಹೆಚ್ಚು. ಅವರಲ್ಲಿ ದಪ್ಪಗಿರುವವರಿಗೆ, ಮೊದಲು ನೀವು ಪಾಲಿಸಿ ಎಂಬ ಮಾತು. ತೆಳ್ಳಗಿರುವ ಚಿಕ್ಕ ವಯಸ್ಸಿನವರಿಗೆ, ನಿಮಗೇನು ಗೊತ್ತು ನಮ್ಮ ಪಾಡು, ಮೊದಲು ಮದುವೆಯಾಗಿ ಎರಡು ಹೆರಿಗೆ ಆಗಲಿ ಎಂಬ ಮಾತು. ಯಾವ ತೂಕಕ್ಕೆ ಬಂದರೆ ಈ ಮಾತುಗಳು ನಿಲ್ಲುತ್ತವೆ ಎಂದು ಯಾರೂ ಹೇಳುವುದಿಲ್ಲ.

ಮೈ ನೋಡಿದರೆ ತಿಳಿಯುವುದೆಷ್ಟು?

ಒಬ್ಬರ ತೂಕ ಅವರ ತಿಳಿವಳಿಕೆಯ ಅಳತೆಗೋಲಾಗಬೇಕಾದರೆ, ತೂಕವನ್ನು ನಿರ್ಧರಿಸುವುದು ತಿಳಿವಳಿಕೆಯೊಂದೇ ಆಗಿರಬೇಕು. ಹಾಗಿಲ್ಲ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಅಧ್ಯಯನಗಳಲ್ಲಿ, ದೊಡ್ಡವರಾದ ಮೇಲೂ ಅವರ ಮೈಗಾತ್ರ ಒಂದೇ ರೀತಿ ಇರುವುದು ಕಂಡಿದೆ. ಒಂದೇ ಮನೆಯ ಊಟ ತಿಂದದ್ದರಿಂದ ಬಂದ ಹೋಲಿಕೆ ಅದಲ್ಲ, ವಂಶವಾಹಿಯದ್ದು. ಇದರ ಮೇಲೆ ಥೈರಾಯ್ಡ್, ಪಿಸಿಓಎಸ್, ಮುಟ್ಟು ನಿಲ್ಲುವ ಕಾಲ, ಹೆರಿಗೆ. ಆಸ್ತಮಾ ಅಥವಾ ಸಂಧಿವಾತಕ್ಕೆ ದೀರ್ಘಕಾಲ ತೆಗೆದುಕೊಳ್ಳುವ ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು, ಇನ್ಸುಲಿನ್, ಇವೂ ತೂಕ ಏರಿಸುತ್ತವೆ. ಮೇಜಿನ ಆಚೆ ಕುಳಿತವರಿಗೆ ಇವುಗಳಲ್ಲಿ ಯಾವುದಿದೆ ಎಂದು ನಿಮಗೆ ತಿಳಿಯುವುದಿಲ್ಲ. ಅವರು ನಿಮಗೆ ಹೇಳಬೇಕಾಗಿಯೂ ಇಲ್ಲ. ಇಪ್ಪತ್ತು ಕೆಜಿ ಇಳಿಸಿಕೊಂಡು ಈಗಿರುವ ಸ್ಥಿತಿಗೆ ಬಂದಿರಲೂಬಹುದು.

ಇಳಿಸಿದ ತೂಕ ಉಳಿಸಿಕೊಳ್ಳುವುದೂ ಮನಸ್ಸಿನ ಗಟ್ಟಿತನವೊಂದರ ಮಾತಲ್ಲ. ತೂಕ ಇಳಿಸುವ ಅಮೆರಿಕದ ಟಿವಿ ಸ್ಪರ್ಧೆಯೊಂದರ 14 ಮಂದಿಯನ್ನು ವಿಜ್ಞಾನಿ ಕೆವಿನ್ ಹಾಲ್ ತಂಡ ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು. ಸುಮ್ಮನೆ ಕುಳಿತಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿತ್ತು. ಅಂದರೆ ದೇಹವೇ ಹಳೆಯ ತೂಕದ ಕಡೆಗೆ ಎಳೆಯುತ್ತಿತ್ತು.

ಇನ್ನು ತೆಳ್ಳಗಿರುವವರ ವಿಷಯ. ಅಂಬರನಾಥದ ಇದೇ ಹಳಿಯಲ್ಲಿ ಕರ್ಜತ್ ದಾಟಿ ಘಾಟಿ ಹತ್ತಿದರೆ ಪುಣೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಜೊತೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಒಂದೇ: 22.3. ಇಬ್ಬರೂ ನೋಡಲು ತೆಳ್ಳಗೆ. ಎಕ್ಸ್-ರೇ ಆಧಾರಿತ ಪರೀಕ್ಷೆಯಲ್ಲಿ ಅಳೆದಾಗ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ನೋಡಲು ತೆಳ್ಳಗಿದ್ದರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಹೊತ್ತಿರುವುದು ಭಾರತೀಯರಲ್ಲಿ ಸಾಮಾನ್ಯ ಎಂಬುದನ್ನು ಯಾಜ್ಞಿಕ್ ವರ್ಷಗಟ್ಟಲೆ ತೋರಿಸುತ್ತ ಬಂದವರು. ಅದನ್ನೇ ತಮ್ಮ ಮೈಯಿಂದ ತೋರಿಸಿಕೊಟ್ಟರು. ಸೊಂಟಪಟ್ಟಿಯೇ ಬೇಡವೆನ್ನುವಂತಿರುವ ಎಷ್ಟೋ ಮಂದಿಗೆ ನಮ್ಮಲ್ಲಿ ಮಧುಮೇಹ ಬರುವುದು ಇದರಿಂದಲೇ. ಭಾರತೀಯರಿಗೆ ಬಿಎಂಐ 23ರಿಂದಲೇ ಎಚ್ಚರಿಕೆ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ಸೆಂಮೀ ದಾಟಬಾರದು ಎಂದು ಗಡಿಗಳನ್ನು ಕೆಳಗಿಟ್ಟಿರುವುದಕ್ಕೂ ಇದೇ ಕಾರಣ.

ಅಂದ ಮೇಲೆ ಟೇಪು, ಸ್ಕ್ಯಾನ್ ಇಲ್ಲದೆ, ಸೀರೆ ಅಥವಾ ಬಿಳಿ ಕೋಟಿನ ಮೇಲಿಂದಲೇ ಒಬ್ಬರ ಆರೋಗ್ಯ ಓದುವುದು ವೈದ್ಯರಿಗೂ ಆಗದ ಕೆಲಸ.

ಸತ್ತ ಮೇಲೂ ತೂಕದ ಚರ್ಚೆ

ಅನ್ನ, ಬ್ರೆಡ್ಡು ಬಿಟ್ಟು ಮಾಂಸ, ಕೊಬ್ಬು ತಿನ್ನಿ ಎಂದು ಹೇಳಿ ಜಗತ್ತಿನಾದ್ಯಂತ ಹೆಸರಾದ ಡಾ. ರಾಬರ್ಟ್ ಆಟ್ಕಿನ್ಸ್ 2003ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಿಮಗಟ್ಟಿದ ಕಾಲುದಾರಿಯಲ್ಲಿ ಜಾರಿ ಬಿದ್ದರು. ತಲೆಗೆ ಪೆಟ್ಟು. ಕೆಲವು ದಿನ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮರುವರ್ಷ ಅವರ ಮರಣ ವರದಿ ಹೊರಬಿತ್ತು. ಅದರಲ್ಲಿ ತೂಕ 258 ಪೌಂಡ್, ಅಂದರೆ ಸುಮಾರು 117 ಕೆಜಿ. ವಿರೋಧಿಗಳಿಗೆ ಅಷ್ಟೇ ಸಾಕಾಯಿತು. ಆಸ್ಪತ್ರೆಗೆ ಸೇರುವಾಗ ಅವರ ತೂಕ 88 ಕೆಜಿ ಆಸುಪಾಸು ಇತ್ತು, ಉಳಿದದ್ದು ಪ್ರಜ್ಞೆಯಿಲ್ಲದ ದಿನಗಳಲ್ಲಿ ದೇಹದಲ್ಲಿ ತುಂಬಿಕೊಂಡ ನೀರು ಎಂದು ಅವರ ಕಡೆಯವರು ಉತ್ತರಿಸಿದರು. ಆ ಆಹಾರಕ್ರಮದ ಬಗ್ಗೆ ಕೇಳಬೇಕಾದ ಗಂಭೀರ ಪ್ರಶ್ನೆಗಳು ಆಗಲೂ ಇದ್ದವು, ಈಗಲೂ ಇವೆ. ಅವುಗಳಿಗೆ ಉತ್ತರ ಸಿಗುವುದು ಆ ಕ್ರಮ ಪಾಲಿಸಿದ ಸಾವಿರಾರು ಜನರ ಅಧ್ಯಯನಗಳಲ್ಲಿ. ಆಟ್ಕಿನ್ಸ್ ಕಡ್ಡಿಯಂತೆ ಇದ್ದು ಸತ್ತಿದ್ದರೂ ಆ ಆಹಾರಕ್ರಮ ಸರಿಯೆಂದು ಸಾಬೀತಾಗುತ್ತಿರಲಿಲ್ಲ.

ಒಳ್ಳೆಯ ಸಲಹೆ ಮೈಮೇಲೆ ಕಾಣಿಸಲೇಬೇಕೇ?

ಈ ಪ್ರಶ್ನೆಗೆ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ನಡೆಸಿದ 'ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ' ಉತ್ತರ ಕೊಡುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆ ಇಲ್ಲದ ಗುಂಪಿನಲ್ಲಿ ಶೇ 55 ಮಂದಿ ಮಧುಮೇಹಿಗಳಾದರು. ಊಟ ಮತ್ತು ನಡಿಗೆಯ ಸಲಹೆ ಪಡೆದು ಪಾಲಿಸಿದ ಗುಂಪಿನಲ್ಲಿ ಶೇ 39.3. ಇದರಲ್ಲಿ ಗಮನಿಸಬೇಕಾದ್ದು, ಸಲಹೆ ಪಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅವರನ್ನು ಬೀದಿಯಲ್ಲಿ ಕಂಡವರು, ಏನೂ ಬದಲಾಗಿಲ್ಲವಲ್ಲ ಎನ್ನುತ್ತಿದ್ದರೇನೋ. ಒಳಗೆ ಕಾಯಿಲೆ ದೂರ ಉಳಿದಿತ್ತು.

ತೂಕ ಇಳಿಸಬೇಕಾದವರು ಇಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೂಕ ಇಳಿಯದಿದ್ದರೂ ಆಹಾರದ ಬದಲಾವಣೆಯಿಂದ ರಕ್ತದ ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಸುಧಾರಿಸಬಲ್ಲವು. ನಿಮ್ಮ ಮೈಯಲ್ಲಿ ಹೀಗೆ ಆಗಬಹುದಾದರೆ ನಿಮ್ಮ ಡಯಟಿಷಿಯನ್ ಮೈಯಲ್ಲೂ ಆಗಿರಬಹುದು.

ತೆಳ್ಳಗಿದ್ದಾರೆಂದು ನಂಬುವುದೇ ಹೆಚ್ಚು ಅಪಾಯ

ದಪ್ಪಗಿರುವವರನ್ನು ಅನುಮಾನಿಸಿದರೆ ಒಂದು ಒಳ್ಳೆಯ ಸಲಹೆ ತಪ್ಪಬಹುದು. ತೆಳ್ಳಗೆ, ಕಟ್ಟುಮಸ್ತಾಗಿ ಇದ್ದಾರೆ ಎಂಬುದಕ್ಕೇ ಒಬ್ಬರನ್ನು ನಂಬಿದರೆ ಆಸ್ಪತ್ರೆ ಸೇರಬೇಕಾಗಬಹುದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಚಿಂತೆಯ ವಿಷಯ, ಆದರೆ ಅದರ ಬಗ್ಗೆ ಮಾತು ಕಡಿಮೆ.

ಮುಂಬಯಿ ಸುತ್ತಮುತ್ತ ಮೈಯೇ ಜಾಹೀರಾತಾಗುವುದು ಹೊಸದೇನಲ್ಲ. 2008ರ 'ತಶನ್' ಚಿತ್ರಕ್ಕಾಗಿ ಕರೀನಾ ಕಪೂರ್ 'ಸೈಜ್ ಜೀರೊ' ಆದಾಗ ಅವರ ಆಹಾರತಜ್ಞೆ ರುಜುತಾ ದಿವೇಕರ್ ಹೆಸರು ಮನೆಮಾತಾಯಿತು. ಸಾಮಾನ್ಯ ಅನ್ನ, ತುಪ್ಪ, ಬಾಳೆಹಣ್ಣು ಬಿಡಬೇಡಿ ಎಂದು ಅವರು ಬರೆದದ್ದು ಎಷ್ಟೋ ಮಂದಿಗೆ ತಲುಪಿದ್ದು ಆ ನಟಿಯ ಸೊಂಟದ ಮೂಲಕ. ಅದರ ಅಗ್ಗದ ನಕಲು ಇಂದು ಗಲ್ಲಿಗಲ್ಲಿಯಲ್ಲಿದೆ. 'ಮೊದಲು' ಮತ್ತು 'ನಂತರ' ಎಂದು ಎರಡು ಫೋಟೊ, ಒಂದು ಡಬ್ಬ ಪೌಡರ್, 'ವೆಲ್‌ನೆಸ್ ಕೋಚ್' ಎಂಬ ಬ್ಯಾಡ್ಜ್. ನೋಡಿ, ನಾನೇ ಸಾಕ್ಷಿ ಎನ್ನುತ್ತಾರೆ. ಅವರ ಮೈಗೆ ಹೊಂದಿದ್ದು ಅವರದ್ದಾಗಿರಬಹುದು. ನಿಮ್ಮ ಕ್ರಿಯಾಟಿನಿನ್ ಎಷ್ಟು, ನೀವು ತೆಗೆದುಕೊಳ್ಳುವ ಮಾತ್ರೆ ಯಾವುದು ಎಂದು ಅವರು ಕೇಳಿದರೇ?

ಈ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ ಕೆಲವು ಉದಾಹರಣೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಜಿಮ್‌ನವರು ಹೇಳುವ ಹೆಚ್ಚು ಪ್ರೋಟೀನ್ ಆಹಾರ ಹಾನಿ ಮಾಡಬಹುದು. ಆದರೆ ಡಯಾಲಿಸಿಸ್ ಶುರುವಾದ ಮೇಲೆ ಅದೇ ರೋಗಿಗೆ ಪ್ರೋಟೀನ್ ಹೆಚ್ಚು ಬೇಕಾಗುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಹೇಳುವ ಎಳನೀರು, ಹಸಿರು ಜ್ಯೂಸ್, 'ಕಡಿಮೆ ಸೋಡಿಯಂ' ಉಪ್ಪು, ಇವುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಅದನ್ನು ಹೊರಹಾಕಲಾರದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ತಪ್ಪಿಸಬಹುದು, ಅದೂ ಮೊದಲೇ ಯಾವ ಸೂಚನೆಯೂ ಇಲ್ಲದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಯಾರದ್ದೋ ಮಾತು ಕೇಳಿ ಹದಿನಾರು ತಾಸು ಉಪವಾಸ ಮಾಡಿದರೆ, ತುಂಬಿದ ಲೋಕಲ್‌ನಲ್ಲಿ ನಿಂತಲ್ಲೇ ಸಕ್ಕರೆ ಕುಸಿದು ಬೀಳಬಹುದು.

ಸರ್ಕಾರವೂ ಇದನ್ನು ಗಮನಿಸಿದೆ. 2023ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿಯಂತೆ, ತಾವು ಆರೋಗ್ಯ ತಜ್ಞರೆಂದು ಹೇಳಿಕೊಂಡು ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಅರ್ಹತೆಯನ್ನು ತಿಳಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಪ್ರೋಟೀನ್ ಪೌಡರ್ ಬೇಡ ಎಂದೇ ಇದೆ. ತೂಕ ಇಳಿಸುವವರಿಗೆ ವಾರಕ್ಕೆ ಅರ್ಧ ಕೆಜಿ ಸುರಕ್ಷಿತ ವೇಗ ಎಂದೂ ಅದು ಹೇಳುತ್ತದೆ. ತಿಂಗಳಿಗೆ ಹತ್ತು ಕೆಜಿ ಎಂದು ಯಾರಾದರೂ ಹೇಳಿದರೆ ಅವರೆಷ್ಟೇ ಸುಂದರವಾಗಿರಲಿ, ಎದ್ದು ಬನ್ನಿ.

ತೆಳ್ಳಗಿರಲೇಬೇಕು ಎಂಬ ಒತ್ತಡ ಈ ವೃತ್ತಿಯವರನ್ನೂ ಬಿಟ್ಟಿಲ್ಲ. 'ಶುದ್ಧ' ಆಹಾರದ ಗೀಳು ಅತಿಯಾಗಿ ಬದುಕೇ ಇಕ್ಕಟ್ಟಾಗುವ ಸ್ಥಿತಿಗೆ 1997ರಲ್ಲಿ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್ಮನ್ 'ಆರ್ಥೊರೆಕ್ಸಿಯಾ' ಎಂದು ಹೆಸರಿಟ್ಟರು. ಹೊರಗಿನಿಂದ ಶಿಸ್ತಿನಂತೆ ಕಾಣುವುದು ಕೆಲವೊಮ್ಮೆ ಇಂಥ ಕಾಯಿಲೆಯೂ ಆಗಿರಬಹುದು.

ತೂಕ ಏರಿಸುವುದೂ ಅವರದ್ದೇ ಕೆಲಸ

ಡಯಟಿಷಿಯನ್ ಎಂದರೆ ತೂಕ ಇಳಿಸುವವರು ಎಂಬ ಕಲ್ಪನೆಯಿಂದಲೇ ಅವರ ಮೈ ಮೇಲೆ ಕಣ್ಣು ಬೀಳುವುದು. ಆಸ್ಪತ್ರೆಯಲ್ಲಿ ಅವರ ದಿನದ ಬಹುಭಾಗ ಹೋಗುವುದು ತೂಕ ಕಳೆದುಕೊಳ್ಳುತ್ತಿರುವವರ ಜೊತೆ. ಕೀಮೊಥೆರಪಿಯಲ್ಲಿ ಬಾಯಿ ಹುಣ್ಣಾಗಿ ನುಂಗಲಾರದವರು, ಪಾರ್ಶ್ವವಾಯುವಾಗಿ ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರು, ಸುಟ್ಟಗಾಯದವರು, ಕ್ಷಯದವರು.

ಕ್ಷಯದ ಮಾತು ಬಂದಿದ್ದರಿಂದ ಒಂದು ಕೆಲಸವನ್ನು ಹೇಳಬೇಕು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ಮುಂದಾಳತ್ವದಲ್ಲಿ ಜಾರ್ಖಂಡದಲ್ಲಿ ನಡೆದ 'ರೇಷನ್ಸ್' ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಯ ಮನೆಯವರಿಗೂ ಪ್ರತಿ ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವು ಕಡಿಮೆಯಿತ್ತು. ಪೋಷಣೆಯ ವಿದ್ಯೆ ಜೀವ ಉಳಿಸುವುದು ಹೀಗೆ. ಆ ಅಕ್ಕಿ ಬೇಳೆಯ ಲೆಕ್ಕ ಹಾಕಿದವರ ಸೊಂಟ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಏನು ನೋಡಬೇಕು?

ಮೊದಲು ಓದು. 'ನ್ಯೂಟ್ರಿಷನಿಸ್ಟ್' ಎಂಬ ಪದವನ್ನು ವಾರಾಂತ್ಯದ ಕೋರ್ಸ್ ಮಾಡಿದವರೂ ಹಾಕಿಕೊಳ್ಳುವುದನ್ನು ನೀವು ಕಂಡಿರಬಹುದು. ಆಹಾರ ಮತ್ತು ಪೋಷಣೆಯಲ್ಲಿ ಪದವಿ, ಡಯಟೆಟಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ, ಆಸ್ಪತ್ರೆಯಲ್ಲಿ ತರಬೇತಿ ಇವೆಯೇ ಎಂದು ಕೇಳಿ. ಮುಂಬಯಿಯಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ, ನಿರ್ಮಲಾ ನಿಕೇತನ ಮೊದಲಾದ ಕಡೆ ಇವನ್ನು ವರ್ಷಗಟ್ಟಲೆ ಕಲಿಸುತ್ತಾರೆ. ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದವರು ಹೆಸರಿನ ಮುಂದೆ 'ಆರ್‌ಡಿ' ಎಂದು ಹಾಕುತ್ತಾರೆ, ಅಂದರೆ ರಿಜಿಸ್ಟರ್ಡ್ ಡಯಟಿಷಿಯನ್. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹ-ಆರೋಗ್ಯ ವೃತ್ತಿಗಳ ಕಾಯ್ದೆ ಡಯಟಿಷಿಯನ್ ಮತ್ತು ನ್ಯೂಟ್ರಿಷನಿಸ್ಟ್‌ರನ್ನೂ ಒಳಗೊಂಡಿದೆ. ಅರ್ಹತೆ ಮತ್ತು ನೋಂದಣಿಗೆ ಒಂದು ಚೌಕಟ್ಟು ತರುವುದು ಅದರ ಉದ್ದೇಶ. ಗೋಡೆಯ ಮೇಲಿನ ಪ್ರಮಾಣಪತ್ರ ಓದಲು ಸಂಕೋಚ ಬೇಡ.

ಆಮೇಲೆ, ಅವರು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ನನಗೆ ಅತಿ ಮುಖ್ಯವೆನಿಸುವುದು ಇದೇ. ಒಳ್ಳೆಯ ಡಯಟಿಷಿಯನ್ ಚಾರ್ಟ್ ಬರೆಯುವ ಮೊದಲು ರಿಪೋರ್ಟ್ ನೋಡುತ್ತಾರೆ, ಮಾತ್ರೆಗಳ ಪಟ್ಟಿ ಕೇಳುತ್ತಾರೆ. ಅಂಬರನಾಥದಿಂದ ಎಷ್ಟು ಗಂಟೆಯ ಲೋಕಲ್ ಹಿಡಿಯುತ್ತೀರಿ, ಬೆಳಗಿನ ತಿಂಡಿ ಮನೆಯಲ್ಲೋ ನಿಲ್ದಾಣದ ವಡಾಪಾವ್‌ನಲ್ಲೋ, ಎಂಐಡಿಸಿಯಲ್ಲಿ ರಾತ್ರಿ ಪಾಳಿ ಇದೆಯೇ, ಮನೆಗೆ ಮರಳುವುದು ಎಂಟಕ್ಕೋ ಹತ್ತಕ್ಕೋ, ಅಡುಗೆ ಮಾಡುವವರು ಯಾರು, ತಿಂಗಳಿಗೆ ಎಣ್ಣೆ ಎಷ್ಟು ಲೀಟರ್ ಖರ್ಚಾಗುತ್ತದೆ, ಇವನ್ನೆಲ್ಲ ಕೇಳುತ್ತಾರೆ. ಐದೂವರೆಗೆ ಮನೆ ಬಿಡುವವರಿಗೆ 'ಬೆಳಗ್ಗೆ 8ಕ್ಕೆ ಓಟ್ಸ್' ಎಂದು ಬರೆದ ಛಾಪಿಸಿದ ಚಾರ್ಟ್ ಯಾರು ಕೊಟ್ಟರೂ ಪ್ರಯೋಜನವಿಲ್ಲ.

ಮೂರನೆಯದು ನಿಮ್ಮ ಮನೆಯ ಊಟಕ್ಕೆ ಅವರು ಕೊಡುವ ಬೆಲೆ. ಇಲ್ಲಿನ ಕನ್ನಡಿಗರಲ್ಲಿ ವಿಜಯಪುರ, ಕಲಬುರಗಿ ಕಡೆಯ ರೊಟ್ಟಿ ಊಟದವರಿದ್ದಾರೆ, ಕರಾವಳಿಯ ಕುಚ್ಚಲಕ್ಕಿ ಗಂಜಿಯವರೂ ಇದ್ದಾರೆ. ಮರಾಠಿ ಅಥವಾ ಹಿಂದಿ ಮಾತನಾಡುವ ಡಯಟಿಷಿಯನ್‌ಗೆ ನಿಮ್ಮ ಊಟ ಅರ್ಥವಾಗದೆ ಹೋದರೆ ಅದು ಅವರ ಅಜ್ಞಾನವಲ್ಲ, ಪದದ ತೊಂದರೆ. ಜೋಳದ ರೊಟ್ಟಿಗೆ ಜ್ವಾರಿಯ ಭಾಕರಿ ಎನ್ನಿ. ರಾಗಿಗೆ ನಾಚಣಿ, ಹುರುಳಿಗೆ ಕುಳೀಥ, ಕುಚ್ಚಲಕ್ಕಿಗೆ ಉಕಡಾ ತಾಂದೂಳ, ಅವಲಕ್ಕಿಗೆ ಪೋಹೆ, ಅಗಸೆಗೆ ಜವಸ, ನುಗ್ಗೆಕಾಯಿಗೆ ಶೇವಗಾ. ಎಷ್ಟು ದೊಡ್ಡ ರೊಟ್ಟಿ, ಯಾವ ಬಟ್ಟಲಿನಲ್ಲಿ ಎಷ್ಟು ಅನ್ನ ಎಂಬುದಕ್ಕೆ ಮೊಬೈಲ್‌ನಲ್ಲಿ ಮೂರು ದಿನದ ತಟ್ಟೆಯ ಫೋಟೊ ತೆಗೆದು ತೋರಿಸಿದರೆ ಇನ್ನೂ ಒಳ್ಳೆಯದು. ಇಷ್ಟು ಹೇಳಿದ ಮೇಲೂ 'ಅದೆಲ್ಲ ಬಿಡಿ, ಕ್ವಿನೊವಾ ತಿನ್ನಿ' ಎಂದರೆ ನಿಮ್ಮ ಅನುಮಾನಕ್ಕೆ ಕಾರಣವಿದೆ.

ಕೊನೆಗೆ ಕಾಲ ಮತ್ತು ಸಂಖ್ಯೆ. ಮಧುಮೇಹದ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ. ಆದ್ದರಿಂದ ಹತ್ತು ದಿನದಲ್ಲಿ ತೀರ್ಪು ಕೊಡಬೇಡಿ. ಏನನ್ನು ಅಳೆಯುತ್ತೇವೆ, ಯಾವಾಗ ಅಳೆಯುತ್ತೇವೆ ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ಪಾಲಿಸಿಯೂ ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಒಳ್ಳೆಯವರು ಯೋಜನೆಯನ್ನು ಬದಲಿಸುತ್ತಾರೆ, ನಿಮ್ಮನ್ನು ಬೈಯುವುದಿಲ್ಲ.

ಅನುಮಾನ ಹೋಗದಿದ್ದರೆ

ಇಷ್ಟು ಓದಿದ ಮೇಲೂ ಮನಸ್ಸು ಒಪ್ಪದಿರಬಹುದು. ಆಗ ಅದನ್ನು ನುಂಗಿಕೊಂಡು ಚಾರ್ಟ್ ಮೂಲೆಗೆ ಹಾಕುವುದಕ್ಕಿಂತ ಕೇಳಿಬಿಡುವುದು ವಾಸಿ. ನಿಮ್ಮ ತೂಕ ಎಷ್ಟು ಎಂದಲ್ಲ. 'ಇದನ್ನು ಪಾಲಿಸುವುದು ಕಷ್ಟ ಅನ್ನಿಸುತ್ತಿದೆ, ಎಲ್ಲಿ ಜನ ಸೋಲುತ್ತಾರೆ, ಆಗ ಏನು ಮಾಡಬೇಕು?' ಎಂದು. ಈ ಪ್ರಶ್ನೆಗೆ ಅನುಭವದಿಂದ ಉತ್ತರ ಕೊಡಬಲ್ಲವರು ತಾವೂ ಹೆಣಗಿರುವವರೇ ಆಗಿರುವುದುಂಟು. ಹಾಗೆಯೇ, ತೆಳ್ಳಗಿರುವವರು ನಿಮ್ಮ ತೂಕದ ಬಗ್ಗೆ ಕೀಳಾಗಿ ಮಾತನಾಡಿದರೆ ಅದನ್ನೂ ಸಹಿಸಬೇಕಾಗಿಲ್ಲ. ಅವಮಾನದಿಂದ ಯಾರ ತೂಕವೂ ಇಳಿದಿಲ್ಲ, ರೋಗಿ ಮುಂದಿನ ಸಲ ಬರುವುದನ್ನೇ ನಿಲ್ಲಿಸುತ್ತಾನೆ ಅಷ್ಟೆ.

ಒಂದು ಸಂದರ್ಭದಲ್ಲಿ ಮಾತ್ರ ಅವರ ಮೈ ಚರ್ಚೆಯ ವಿಷಯವಾಗಬಹುದು. ತಮ್ಮ ಮೈಯನ್ನೇ ಸಾಕ್ಷಿಯಾಗಿ ಮುಂದಿಟ್ಟು ಏನನ್ನಾದರೂ ಮಾರುತ್ತಿದ್ದರೆ ಆಗ ಕೇಳಿ: ಎಷ್ಟು ವರ್ಷದಿಂದ ಹೀಗಿದ್ದೀರಿ, ಬೇರೆ ಯಾವ ಔಷಧಿ ತೆಗೆದುಕೊಂಡಿರಿ, ಎಷ್ಟು ಮಂದಿಗೆ ಇದು ಫಲಿಸಲಿಲ್ಲ.

ರೋಗಿಯ ಜೊತೆಗೆ ಹೋಗುವ ಮನೆಯವರಿಗೆ ಒಂದು ವಿನಂತಿ. ಹೊರಗೆ ಬಂದ ಕೂಡಲೇ ನೀವು ಆಡುವ ತಮಾಷೆ ರೋಗಿಗೆ ಒಂದು ನೆಪವಾಗುತ್ತದೆ. ಸಿಹಿ ಬಿಡಲು ಮೊದಲೇ ಮನಸ್ಸಿಲ್ಲದ ಅಪ್ಪನಿಗೆ, ಅವಳೇ ಅಷ್ಟು ದಪ್ಪಗಿದ್ದಾಳೆ ಎಂಬ ಒಂದು ಮಾತು ಸಾಕು. ನಿಮಗೆ ನಿಜವಾದ ಸಂದೇಹವಿದ್ದರೆ ಚಾರ್ಟನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸಿ, ಅಥವಾ ಇನ್ನೊಬ್ಬ ಡಯಟಿಷಿಯನ್ ಬಳಿ ಎರಡನೇ ಅಭಿಪ್ರಾಯ ಪಡೆಯಿರಿ. ಇನ್ಸುಲಿನ್, ಕಿಡ್ನಿ, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆ, ಈ ನಾಲ್ಕರಲ್ಲಿ ಯಾವುದಿದ್ದರೂ ವೈದ್ಯರಿಗೆ ತಿಳಿಸದೆ ಚಾರ್ಟ್ ಬದಲಿಸಬೇಡಿ, ನಿಲ್ಲಿಸಲೂ ಬೇಡಿ.

ಮುಂದಿನ ಭ���ಟಿಗೆ ಹೋಗುವಾಗ ಹಳೆಯ ಮತ್ತು ಹೊಸ ರಕ್ತಪರೀಕ್ಷೆಯ ರಿಪೋರ್ಟ್, ಎಲ್ಲ ಮಾತ್ರೆಗಳ ಚೀಟಿ, ಮನೆಯಲ್ಲಿ ಸಕ್ಕರೆ ಅಥವಾ ರಕ್ತದೊತ್ತಡ ಅಳೆಯುತ್ತಿದ್ದರೆ ಆ ವಹಿ, ಮೂರು ದಿನದ ತಟ್ಟೆಯ ಫೋಟೊ, ನೀವು ಹಿಡಿಯುವ ರೈಲಿನ ಸಮಯ, ಇಷ್ಟನ್ನು ಒಯ್ಯಿರಿ. ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ.